ಗುಡಿಸುವಾಕೆಯ ತಲೆವಸ್ತ್ರ, ಕಲಿಸುವಾಕೆಯ ತಲೆವಸ್ತ್ರ

ಜರ್ಮನಿಯ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದ ಸರ್ಕಾರಿ ಶಾಲೆಯೊಂದರಲ್ಲಿ 1997ರಿಂದ ಒಬ್ಬ ಸಮಾಜ ಕಾರ್ಯಕರ್ತೆ ಕೆಲಸಕ್ಕಿದ್ದರು. ಟರ್ಕಿ ಮೂಲದವರು, ಜರ್ಮನ್ ಪ್ರಜೆ. ಬೇರೆಬೇರೆ ದೇಶಗಳ ಮಕ್ಕಳು ಶಾಲೆಯಲ್ಲಿ ಜಗಳಕ್ಕೆ ಬಿದ್ದರೆ ಮಧ್ಯೆ ನಿಂತು ರಾಜಿ ಮಾಡಿಸುವುದು ಅವರ ಕೆಲಸ. ತಲೆಗೆ ವಸ್ತ್ರ ಕಟ್ಟಿಕೊಂಡೇ ಬರುತ್ತಿದ್ದರು. ಶಾಲೆಯಲ್ಲಿ ಕಲಿಸುವವರೂ ಇತರ ಶಿಕ್ಷಣ ಸಿಬ್ಬಂದಿಯೂ ಧಾರ್ಮಿಕ ಗುರುತು ತೋರಿಸಬಾರದೆಂದು 2006ರಲ್ಲಿ ಆ ರಾಜ್ಯ ಕಾನೂನು ಮಾಡಿದಾಗ ಅವರು ವಸ್ತ್ರವನ್ನು ಬಿಟ್ಟು, ಕೂದಲು ಕಿವಿ ಮುಚ್ಚುವಂಥ ಗುಲಾಬಿ ಬಣ್ಣದ ಟೊಪ್ಪಿಗೆ ಹಾಕಿಕೊಂಡು, ಅದೇ ಬಣ್ಣದ, ಕುತ್ತಿಗೆ ಮುಚ್ಚುವ ಸ್ವೆಟರ್ ತೊಟ್ಟು ಬರತೊಡಗಿದರು. ಚಳಿಗಾಲದಲ್ಲಿ ಜರ್ಮನಿಯ ಯಾವ ಅಂಗಡಿಯಲ್ಲಾದರೂ ಸಿಗುವ ಟೊಪ್ಪಿಗೆ ಅದು. ಅದಕ್ಕೂ ನೋಟಿಸ್ ಬಂತು. ಟೊಪ್ಪಿಗೆಯೂ ಧಾರ್ಮಿಕ ಗುರುತೇ ಎಂದು ಕೆಳಗಿನ ನ್ಯಾಯಾಲಯಗಳೂ ಒಪ್ಪಿದವು. ಕೊನೆಗೆ 2015ರ ಜನವರಿ 27ರಂದು ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಮುಂದೇನೋ ಆಗಿಬಿಡಬಹುದೆಂಬ ಊಹೆಯ ಮೇಲೆ ಎಲ್ಲರಿಗೂ ಒಟ್ಟಾರೆ ನಿಷೇಧ ಹೇರುವಂತಿಲ್ಲ, ಶಾಲೆಯ ನೆಮ್ಮದಿಗೆ ನಿಜವಾಗಿ ಧಕ್ಕೆಯಾಗುತ್ತಿದೆಯೆಂದು ತೋರಿಸಬೇಕು ಎಂಬುದು ಅದರ ಸಾರ. ಅದೇ ದೇಶದ ಶಾಲೆ, ಆಸ್ಪತ್ರೆ, ಕಚೇರಿಗಳ ನೆಲವನ್ನು ಹಲವು ದಶಕ ಗುಡಿಸಿ ಒರೆಸಿದ ಟರ್ಕಿಯ ಹೆಂಗಸರೂ ತಲೆಗೆ ವಸ್ತ್ರ ಕಟ್ಟಿಕೊಂಡೇ ಇದ್ದರು. ಆ ವಸ್ತ್ರಕ್ಕಾಗಿ ಯಾವ ಶಾಸನಸಭೆಯೂ ಕಾನೂನು ಮಾಡಲಿಲ್ಲ. ಕಲಿಸುವ ಸ್ಥಾನಕ್ಕೆ ಬಂದ ಮೇಲೆಯೇ ಅದು ರಾಜ್ಯದ ಸಮಸ್ಯೆಯಾಯಿತು.

ಯುರೋಪಿನಲ್ಲಿ ವಲಸಿಗ ಮುಸ್ಲಿಂ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಧರ್ಮದ ಕಡೆ ತಿರುಗಿದ್ದಾರೆ, ಆದ್ದರಿಂದ ಅವರು ಅಲ್ಲಿನ ಸಮಾಜದೊಂದಿಗೆ ಬೆರೆಯಲು ಒಲ್ಲೆನೆನ್ನುತ್ತಿದ್ದಾರೆ ಎಂಬ ಮಾತು ಸುಮಾರು ನಾಲ್ಕು ದಶಕಗಳಿಂದ ಕೇಳುತ್ತ ಬಂದಿದೆ. ನನ್ನ ವಾದ ಇದಕ್ಕೆ ಎದುರು. ಈ ತಲೆಮಾರಿನ ಕಣ್ಣಿಗೆ ಬೀಳುವ ಧಾರ್ಮಿಕತೆಯ ಬಹುಪಾಲು, ಬೆರೆತದ್ದರ ಫಲ. ಹೊರಗಿನವನಾಗಿ ಉಳಿದವನು ತನ್ನ ನಂಬಿಕೆಗೆ ಸಾರ್ವಜನಿಕ ಜಾಗ ಕೇಳುವುದಿಲ್ಲ, ಅವನಿಗೆ ಅದರ ಹಕ್ಕಿದೆಯೆಂಬ ಭಾವನೆಯೇ ಇರುವುದಿಲ್ಲ. ಕೇಳುವವನು ಒಳಗಿನವನು. ಇದಕ್ಕೆ ಕಲೋನ್ ನಗರದ ಎರಡು ಸಂಗತಿಗಳು ಸಾಕ್ಷಿ. 1965ರ ಫೆಬ್ರವರಿಯಲ್ಲಿ ರಂಜಾನ್ ಮುಗಿದಾಗ ನೂರಾರು ಟರ್ಕಿ ಕಾರ್ಮಿಕರು ಕಲೋನಿನ ಮಹಾ ಚರ್ಚಿನೊಳಗೇ ಚಾಪೆ ಹಾಸಿ ನಮಾಜ್ ಮಾಡಿದರು. ಚರ್ಚಿನವರು ಜಾಗ ಬಿಟ್ಟುಕೊಟ್ಟಿದ್ದರು, ದೊಡ್ಡ ಗಲಾಟೆಯೇನೂ ಆಗಲಿಲ್ಲ. ಆದರೆ ಅದೇ ಊರಿನಲ್ಲಿ ಆ ಕಾರ್ಮಿಕರ ಮಕ್ಕಳು ಸ್ವಂತ ಜಮೀನಿನಲ್ಲಿ, ನಗರಸಭೆಯ ಪರವಾನಗಿ ಪಡೆದು, ಪೌಲ್ ಬ್ಯೋಮ್ ಎಂಬ ಜರ್ಮನ್ ವಾಸ್ತುಶಿಲ್ಪಿಯ ನಕ್ಷೆಯಂತೆ ದೊಡ್ಡ ಮಸೀದಿ ಕಟ್ಟಲು ಹೊರಟಾಗ ವರ್ಷಗಟ್ಟಲೆ ಮೆರವಣಿಗೆ, ಪ್ರತಿಭಟನೆ, ಟಿವಿ ಚರ್ಚೆ ನಡೆದವು. ಚರ್ಚಿನಲ್ಲಿ ನಮಾಜ್ ಮಾಡಿದವರು ಇವತ್ತಲ್ಲ ನಾಳೆ ಹೊರಟುಹೋಗುವ ಅತಿಥಿಗಳು. ಅವರ ಪ್ರಾರ್ಥನೆ ನೋಡಲು ಚೆನ್ನಾಗಿತ್ತು. ಮಿನಾರು ಎತ್ತುವವರು ಉಳಿಯುವವರು.

ಮೊದಲ ತಲೆಮಾರು ಉಳಿಯಲು ಬಂದಿರಲಿಲ್ಲ, ಯಾರೂ ಅವರನ್ನು ಉಳಿಸಿಕೊಳ್ಳಲು ಕರೆದೂ ಇರಲಿಲ್ಲ. 1961ರ ಅಕ್ಟೋಬರ್ 30ರಂದು ಜರ್ಮನಿ ಮತ್ತು ಟರ್ಕಿ ಮಾಡಿಕೊಂಡ ಕೂಲಿ ಒಪ್ಪಂದದಲ್ಲಿ ಎರಡು ವರ್ಷಕ್ಕೆ ವಾಪಸು ಎಂಬ ಷರತ್ತೇ ಇತ್ತು. ಇಸ್ತಾಂಬುಲ್‌ನ ನೇಮಕಾತಿ ಕಚೇರಿಯಲ್ಲಿ ಹಲ್ಲು, ಕಣ್ಣು, ಎದೆ ಪರೀಕ್ಷಿಸಿ ಗಟ್ಟಿಮುಟ್ಟಾದವರನ್ನು ರೈಲು ಹತ್ತಿಸುತ್ತಿದ್ದರು. ಕೆಲಸ ಕಲಿತವನನ್ನು ಎರಡೇ ವರ್ಷಕ್ಕೆ ಕಳಿಸಿ ಹೊಸಬನಿಗೆ ಮತ್ತೆ ಕಲಿಸುವುದು ಕಾರ್ಖಾನೆಯವರಿಗೆ ನಷ್ಟದ ಬಾಬತ್ತು, ಹಾಗಾಗಿ 1964ರಲ್ಲಿ ಷರತ್ತು ಹೋಯಿತು. ತೈಲ ಬಿಕ್ಕಟ್ಟಿನ 1973ರ ನವೆಂಬರಿನಲ್ಲಿ ನೇಮಕಾತಿಯೇ ನಿಂತಿತು. ಸರ್ಕಾರದ ಲೆಕ್ಕಾಚಾರ ತಲೆಕೆಳಗಾದದ್ದು ಇಲ್ಲೇ. ಒಮ್ಮೆ ಊರಿಗೆ ಹೋದರೆ ಮತ್ತೆ ಬರಲಾಗದು ಎಂದು ತಿಳಿದವರು ಊರಿಗೆ ಹೋಗುವ ಬದಲು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಆ ಕಾಲದ ನಂಬಿಕೆ ಕಾರ್ಮಿಕರ ವಸತಿಗೃಹದ ಮೂಲೆಯಲ್ಲಿ, ಆಮೇಲೆ ಹಿತ್ತಲಿನ ಗೋದಾಮುಗಳಲ್ಲಿ ನಡೆಯಿತು. ಊರಿನಲ್ಲಿ ಅಪ್ಪ ಹೇಗೆ ಮಾಡುತ್ತಿದ್ದನೋ ಹಾಗೆ. ಯಾಕೆ ಎಂದು ಯಾರೂ ಕೇಳಲಿಲ್ಲ, ಹೇಳಬೇಕಾದ ಅಗತ್ಯವೂ ಬೀಳಲಿಲ್ಲ. ಪದ್ಧತಿ ಮತ್ತು ಧರ್ಮ ಹೆಣೆದುಕೊಂಡಿರುವ ಕಡೆ ಅವೆರಡನ್ನು ಬಿಡಿಸಿ ನೋಡುವ ಪ್ರಶ್ನೆ ಏಳುವುದಿಲ್ಲ.

ಮಕ್ಕಳಿಗೆ ಆ ಪ್ರಶ್ನೆ ಎದ್ದಿತು, ಏಕೆಂದರೆ ಶಾಲೆಯಲ್ಲಿ ಪಕ್ಕದಲ್ಲಿ ಕೂತ ಹುಡುಗ ದಿನಾ ಕೇಳುತ್ತಿದ್ದ. ನೀವು ಹಂದಿ ಮಾಂಸ ಯಾಕೆ ತಿನ್ನುವುದಿಲ್ಲ, ನಿಮ್ಮಮ್ಮ ಯಾಕೆ ಹೀಗೆ, ನೀನು ಈಜುವ ತರಗತಿಗೆ ಯಾಕೆ ಬರುವುದಿಲ್ಲ. ಉತ್ತರ ಹೇಳಲೇಬೇಕಾದ ಮಗು ಅಪ್ಪನನ್ನು ಕೇಳುತ್ತದೆ. ಅಪ್ಪನಿಗೆ ಗೊತ್ತಿರುವುದು ರೂಢಿ, ಕಾರಣ ಅಲ್ಲ. ಆಗ ಮಗು ಪುಸ್ತಕಕ್ಕೆ ಹೋಗುತ್ತದೆ, ಅದೂ ಜರ್ಮನ್, ಫ್ರೆಂಚ್, ಇಂಗ್ಲಿಷ್ ಭಾಷೆಯ ಪುಸ್ತಕಕ್ಕೆ. ಫ್ರಾನ್ಸಿನ ವಿದ್ವಾಂಸ ಒಲಿವಿಯೇ ರುವಾ ಹೇಳುತ್ತ ಬಂದಿರುವುದು ಇದನ್ನೇ: ವಲಸೆಯಲ್ಲಿ ಧರ್ಮ ತನ್ನ ನೆಲದ ಸಂಸ್ಕೃತಿಯಿಂದ ಕಳಚಿಕೊಳ್ಳುತ್ತದೆ, ಹುಟ್ಟಿನಿಂದ ಬಂದದ್ದು ಆಯ್ಕೆ ಮಾಡಿಕೊಂಡದ್ದಾಗುತ್ತದೆ. ಇದರಲ್ಲಿ ಇಸ್ಲಾಮಿಗಷ್ಟೇ ವಿಶೇಷವಾದದ್ದು ಏನೂ ಇಲ್ಲ. ಅಮೆರಿಕಕ್ಕೆ ಬಂದ ಯುರೋಪಿನ ವಲಸಿಗರು ಭಾಷೆ ಬಿಟ್ಟರು, ಉಡುಗೆ ಬಿಟ್ಟರು, ಚರ್ಚನ್ನೂ ಸಿನಗಾಗನ್ನೂ ಮಾತ್ರ ಉಳಿಸಿಕೊಂಡರು, ಅದರ ಮೂಲಕವೇ ಅಮೆರಿಕನ್ನರಾದರು ಎಂದು ವಿಲ್ ಹರ್ಬರ್ಗ್ 1955ರಲ್ಲೇ ಬರೆದಿದ್ದ. ಹೊರದೇಶದ ಕನ್ನಡ ಕುಟುಂಬಗಳಿಗೂ ಇದು ಹೊಸದಲ್ಲ. ಮಕ್ಕಳ ಬಾಯಲ್ಲಿ ಕನ್ನಡ ಸವೆದು ನಾಲ್ಕು ಮಾತಿಗೆ ಇಳಿದ ಮನೆಗಳಲ್ಲೂ ಗಣೇಶನ ಹಬ್ಬ, ದೇವಸ್ಥಾನದ ಭಾನುವಾರದ ತರಗತಿ ತಪ್ಪುವುದಿಲ್ಲ. ಅಜ್ಜಿ ಊರಿನಲ್ಲಿ ಎಂದೂ ಕೇಳದ ಪ್ರಶ್ನೆಗಳಿಗೆ ಮೊಮ್ಮಗಳು ಅಲ್ಲಿ ಇಂಗ್ಲಿಷಿನಲ್ಲಿ ಉತ್ತರ ಕಲಿಯುತ್ತಾಳೆ. ಅದನ್ನು ನಾವು ಬೇರು ಉಳಿಸಿಕೊಳ್ಳುವುದು ಎಂದು ಮೆಚ್ಚುತ್ತೇವೆ. ಬೇರೊಬ್ಬರು ಅದನ್ನೇ ಮಾಡಿದರೆ ಬೇರ್ಪಡುವುದು ಎನ್ನುತ್ತೇವೆ.

ಕಳಚಿಕೊಂಡ ಧರ್ಮವನ್ನು ಮಕ್ಕಳು ಮೊದಲು ಬಳಸುವುದು ತಮ್ಮ ಮನೆಯವರ ಮೇಲೆಯೇ. ಬ್ರಿಟನ್ನಿನ ಬ್ರಾಡ್‌ಫರ್ಡ್, ಬರ್ಮಿಂಗ್‌ಹ್ಯಾಮ್‌ಗಳಲ್ಲಿ ನೆಲೆಸಿದ ಪಾಕಿಸ್ತಾನಿ ಮೂಲದವರಲ್ಲಿ ಹೆಚ್ಚಿನವರು ಮೀರ್‌ಪುರದ ಕಡೆಯವರು. 1960ರ ದಶಕದಲ್ಲಿ ಮಂಗ್ಲಾ ಅಣೆಕಟ್ಟಿನ ನೀರಿಗೆ ಅವರ ಹಳ್ಳಿಗಳು ಮುಳುಗಿದ್ದವು. ಬಿರಾದರಿಯೊಳಗೇ, ಅಂದರೆ ಕುಲದೊಳಗೇ, ಆದಷ್ಟೂ ಸೋದರಸಂಬಂಧದಲ್ಲೇ ಮದುವೆ ಎಂಬುದು ಅಲ್ಲಿನ ರೂಢಿ. ಲಂಡನ್ನಿನಲ್ಲೋ ಲೀಡ್ಸ್‌ನಲ್ಲೋ ಹುಟ್ಟಿದ ಹುಡುಗಿ ಇದನ್ನು ಒಲ್ಲೆ ಎನ್ನುವಾಗ ಸ್ತ್ರೀವಾದದ ಮಾತೆತ್ತಿದರೆ ಅಪ್ಪ ಅದನ್ನು ಬಿಳಿಯರ ಬುದ್ಧಿ ಎಂದು ತಳ್ಳಿಹಾಕಬಹುದು. ಆಕೆ ಪ್ರವಾದಿಗಳ ನಡೆನುಡಿಯ ದಾಖಲೆಯಾದ ಹದೀಸ್ ತೆಗೆದರೆ ಹಾಗೆ ತಳ್ಳಲಾಗದು. ಖನ್ಸಾ ಬಿಂತ್ ಖಿಝಾಮ್ ಎಂಬ ಹೆಂಗಸನ್ನು ಅವಳ ಒಪ್ಪಿಗೆಯಿಲ್ಲದೆ ತಂದೆ ಮದುವೆ ಮಾಡಿಕೊಟ್ಟಾಗ, ಆಕೆ ಪ್ರವಾದಿಗಳಲ್ಲಿ ದೂರಿದಾಗ, ಅವರು ಆ ಮದುವೆಯನ್ನು ರದ್ದು ಮಾಡಿದರೆಂದು ಬುಖಾರಿಯ ಸಂಗ್ರಹದಲ್ಲಿದೆ. ಬೇರೆ ಬಿರಾದರಿಯ ಹುಡುಗ, ಬೇರೆ ದೇಶದ ಮೂಲದ ಹುಡುಗ, ಮುಸ್ಲಿಮನಾಗಿದ್ದರೆ ಆಯಿತಲ್ಲ ಎಂಬುದೂ ಇದೇ ಬಗೆಯ ವಾದ. ಶಾಸ್ತ್ರದ ಬಲದಿಂದ ರೂಢಿಯನ್ನು ಪ್ರಶ್ನಿಸುವ ಈ ದಾರಿ ಆ ಹುಡುಗಿಯನ್ನು ಹೆಚ್ಚು ಧಾರ್ಮಿಕಳನ್ನಾಗಿಯೂ ಮಾಡುತ್ತದೆ, ಹೆಚ್ಚು ಬ್ರಿಟಿಷಳನ್ನಾಗಿಯೂ ಮಾಡುತ್ತದೆ. ಫ್ರಾನ್ಸಿನಲ್ಲಿ ಇದರ ಇನ್ನೂ ತೀಕ್ಷ್ಣ ಉದಾಹರಣೆ ಇದೆ. 2003ರಲ್ಲಿ ಪ್ಯಾರಿಸ್ ಪಕ್ಕದ ಓಬರ್‌ವಿಲಿಯೇಯ ಶಾಲೆಯೊಂದರಿಂದ ತಲೆವಸ್ತ್ರದ ಕಾರಣಕ್ಕೆ ಇಬ್ಬರು ಅಕ್ಕತಂಗಿಯರನ್ನು ಹೊರಹಾಕಲಾಯಿತು. ಅವರ ತಂದೆ ಯಹೂದಿ ಮೂಲದ ನಾಸ್ತಿಕ ವಕೀಲ. ತಾಯಿಯ ಮೂಲ ಅಲ್ಜೀರಿಯಾ, ಮನೆಯಲ್ಲಿ ಧರ್ಮದ ಆಚರಣೆಯೇ ಇರಲಿಲ್ಲ. ಮಕ್ಕಳ ತಲೆವಸ್ತ್ರ ತಂದೆಗೆ ಇಷ್ಟವಿರಲಿಲ್ಲ. ಆದರೂ ಮಕ್ಕಳ ಹಕ್ಕಿಗಾಗಿ ವಾದಿಸಿದವರು ಆ ತಂದೆಯೇ. ಮನೆಯ ಸಂಪ್ರದಾಯ ಹೇರಿದ ವಸ್ತ್ರ ಎಂದು ಇದನ್ನು ಕರೆಯಲು ಬರುವುದಿಲ್ಲ. ಹಿರಿಯರ ಇಷ್ಟಕ್ಕೆ ವಿರುದ್ಧವಾಗಿ, ನನ್ನ ಮನಸ್ಸಾಕ್ಷಿ, ನನ್ನ ಆಯ್ಕೆ ಎಂದು ನಿಂತದ್ದು ಫ್ರಾನ್ಸಿನ ಗಣರಾಜ್ಯ ತನ್ನ ಮಕ್ಕಳಿಗೆ ಹೇಳಿಕೊಟ್ಟ ಪಾಠದ ಪ್ರಕಾರವೇ.

ಆಯ್ಕೆ ಎಂಬ ಮಾತನ್ನು ಅಷ್ಟು ಸುಲಭವಾಗಿ ನಂಬಬೇಡಿ ಎಂಬ ಆಕ್ಷೇಪಕ್ಕೆ ತೂಕವಿದೆ. ಹದಿಮೂರು ವರ್ಷದ ಹುಡುಗಿಯ ಮೇಲೆ ಅಣ್ಣಂದಿರ, ಓಣಿಯವರ ಕಣ್ಣು ಇರುತ್ತದೆ, ತಲೆ ಮುಚ್ಚದವಳಿಗೆ ಕೆಟ್ಟ ಹೆಸರು ಅಂಟುತ್ತದೆ. ಫ್ರಾನ್ಸಿನಲ್ಲಿ ಜಾತ್ಯತೀತತೆಯ ಕುರಿತ 2003ರ ಸ್ಟಾಸಿ ಆಯೋಗದ ಮುಂದೆ ಇಂಥ ಒತ್ತಡದ ಮಾತುಗಳು ಬಂದವು, 2004ರ ಮಾರ್ಚ್ 15ರ ಕಾನೂನು ಸರ್ಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಚಿಹ್ನೆಗಳನ್ನು ನಿಷೇಧಿಸಿತು. ಒತ್ತಡ ಇದ್ದದ್ದು ಸುಳ್ಳಲ್ಲ, ಆ ಹುಡುಗಿಯರಿಗೆ ರಕ್ಷಣೆ ಬೇಕಿತ್ತೆಂಬುದೂ ಸುಳ್ಳಲ್ಲ. ಆದರೆ ಒತ್ತಡಕ್ಕೆ ಸಿಕ್ಕವಳನ್ನು ಉಳಿಸಲು ತಾನಾಗಿ ತೊಟ್ಟವಳನ್ನು ಶಾಲೆಯಿಂದ ಹೊರಹಾಕುವ ಕಾನೂನು, ಇಬ್ಬರ ಮನಸ್ಸನ್ನೂ ಕೇಳದೆ ಬಟ್ಟೆಯನ್ನಷ್ಟೇ ನೋಡುತ್ತದೆ. ಒತ್ತಾಯಿಸಿದ ಅಣ್ಣ ಮಾಡುವುದೂ ಅದನ್ನೇ. ಅಂಕಿಅಂಶವೂ ಸರಳ ತೀರ್ಮಾನಕ್ಕೆ ಒಗ್ಗುವುದಿಲ್ಲ. ಜರ್ಮನ್ ಸರ್ಕಾರದ ವಲಸೆ ಇಲಾಖೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿನ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಸುಮಾರು 70% ಮಂದಿ ತಲೆವಸ್ತ್ರ ತೊಡುವುದಿಲ್ಲ. ತೊಡುವವರ ಪ್ರಮಾಣ ಹೆಚ್ಚಿರುವುದು ವಯಸ್ಸಾದವರಲ್ಲಿ. ಇಲ್ಲಿ ಕನ್ನಡದ ಓದುಗರಿಗೆ ಉಡುಪಿಯ ಹಿಜಾಬ್ ವಿವಾದ ನೆನಪಾಗದೆ ಇರದು. ಆದರೆ ಉಡುಪಿಯ ಹುಡುಗಿಯರು ವಲಸಿಗರಲ್ಲ, ಅವರು ಇಲ್ಲಿ ಯಾರೊಂದಿಗೂ ಹೊಸದಾಗಿ ಬೆರೆಯಬೇಕಾಗಿರಲಿಲ್ಲ, ಹಾಗಾಗಿ ಹೋಲಿಕೆಯನ್ನು ಬಹಳ ಎಳೆಯಬಾರದು. ಒಂದು ವ್ಯತ್ಯಾಸ ಮಾತ್ರ ಈ ಚರ್ಚೆಗೆ ಸಂಬಂಧಪಟ್ಟದ್ದು. ಕರ್ನಾಟಕ ಹೈಕೋರ್ಟು 2022ರ ಮಾರ್ಚ್ 15ರ ತೀರ್ಪಿನಲ್ಲಿ ಮುಖ್ಯವಾಗಿ ಕೇಳಿದ್ದು, ಹಿಜಾಬ್ ಇಸ್ಲಾಮಿನಲ್ಲಿ ಅತ್ಯಗತ್ಯ ಆಚರಣೆಯೇ ಎಂದು. ಜರ್ಮನಿಯ ನ್ಯಾಯಾಲಯ 2015ರಲ್ಲಿ ಕೇಳಿದ್ದು, ಇದು ತನಗೆ ಧಾರ್ಮಿಕ ಕರ್ತವ್ಯ ಎಂದು ಆ ಹೆಂಗಸು ಹೇಳುವುದು ನಂಬುವಂತಿದೆಯೇ ಎಂದು. ಮೊದಲನೆಯದಕ್ಕೆ ಉತ್ತರ ಗ್ರಂಥದಲ್ಲಿ ಹುಡುಕಬೇಕು, ಎರಡನೆಯದಕ್ಕೆ ಒಬ್ಬ ವ್ಯಕ್ತಿಯ ಮನಸ್ಸಾಕ್ಷಿಯಲ್ಲಿ. ವಲಸಿಗರ ಮಕ್ಕಳ ಇಸ್ಲಾಂ ವಾಸ್ತವದಲ್ಲಿ ಯಾವ ಕಡೆ ಸರಿದಿದೆಯೋ ಅದನ್ನು ಜರ್ಮನ್ ನ್ಯಾಯಾಲಯ ಗುರುತಿಸಿತೆಂದು ನನಗೆ ತೋರುತ್ತದೆ.

ಈ ಯುವಜನರಲ್ಲಿ ಎಷ್ಟೋ ಮಂದಿಗೆ ಧರ್ಮದಲ್ಲಿ ಆಸಕ್ತಿಯೇ ಇಲ್ಲ, ಅವರೇಕೆ ಮುಸ್ಲಿಂ ಎಂಬ ಹೆಸರಿನಡಿ ಬರಬೇಕು ಎಂದೂ ಕೇಳಬಹುದು. ಅವರು ಬಂದದ್ದಲ್ಲ, ತರಲಾಯಿತು. ಜರ್ಮನಿಯಲ್ಲಿ ಇದೇ ಜನರನ್ನು ಮೊದಲು ಅತಿಥಿ ಕಾರ್ಮಿಕರು ಎಂದರು, ಆಮೇಲೆ ವಿದೇಶೀಯರು, ಟರ್ಕಿಯವರು ಎಂದರು. 2000ದ ಜನವರಿ 1ರಿಂದ ಜರ್ಮನಿಯಲ್ಲಿ ಹುಟ್ಟಿದ ಇಂಥ ಮಕ್ಕಳಿಗೆ ಹುಟ್ಟಿನಿಂದಲೇ ಪೌರತ್ವ ಸಿಗತೊಡಗಿತು, ಇನ್ನು ವಿದೇಶೀಯರು ಎನ್ನುವಂತಿಲ್ಲ. ಮರುವರ್ಷ ಅಮೆರಿಕದ ಅವಳಿ ಗೋಪುರಗಳು ಉರುಳಿದವು. ಅಲ್ಲಿಂದಾಚೆಗೆ ಅವರು ಮುಸ್ಲಿಮರು. ಬ್ರಿಟನ್ನಿನಲ್ಲಿ ಈ ತಿರುವು ಮೊದಲೇ ಬಂದಿತ್ತು, 1989ರ ಜನವರಿಯಲ್ಲಿ ಬ್ರಾಡ್‌ಫರ್ಡ್‌ನಲ್ಲಿ ಮುಸ್ಲಿಂ ಪ್ರತಿಭಟನಕಾರರು ಲೇಖಕ ಸಲ್ಮಾನ್ ರಶ್ದಿಯ ಕಾದಂಬರಿಗೆ ಬೆಂಕಿ ಇಟ್ಟಾಗ. ಹೆಸರಿನ ಭಾರ ಎಷ್ಟೆಂದು ಫ್ರಾನ್ಸಿನಲ್ಲಿ ನಡೆದ ಒಂದು ಪ್ರಯೋಗ ತೋರಿಸಿತು. ಕ್ಲೇರ್ ಅಡೀಡಾ, ಡೇವಿಡ್ ಲೈಟಿನ್, ಮರೀ-ಆನ್ ವಾಲ್‌ಫೋರ್ ಎಂಬ ಸಂಶೋಧಕರು 2009ರಲ್ಲಿ ಕಂಪನಿಗಳಿಗೆ ಕಲ್ಪಿತ ಉದ್ಯೋಗಾರ್ಥಿಗಳ ಅರ್ಜಿ ಕಳಿಸಿದರು. ಇಬ್ಬರದೂ ಸೆನೆಗಲ್ ಮೂಲದ ದಿಯೂಫ್ ಎಂಬ ಅಡ್ಡಹೆಸರು, ಒಂದೇ ಓದು, ಒಂದೇ ಅನುಭವ. ಒಬ್ಬಳು ಮರೀ, ಕ್ಯಾಥೊಲಿಕ್ ಸೇವಾಸಂಸ್ಥೆಯಲ್ಲಿ ದುಡಿದವಳು. ಇನ್ನೊಬ್ಬಳು ಖದೀಜಾ, ಮುಸ್ಲಿಂ ಸೇವಾಸಂಸ್ಥೆಯಲ್ಲಿ ದುಡಿದವಳು. ಮರೀಗೆ 21% ಕಡೆಗಳಿಂದ ಕರೆ ಬಂತು, ಖದೀಜಾಗೆ 8%. ಚರ್ಮದ ಬಣ್ಣ, ವಲಸೆಯ ಮೂಲ, ಎರಡೂ ಇಲ್ಲಿ ಸಮ, ಉಳಿದದ್ದು ಧರ್ಮವೊಂದೇ. ನಂಬಿಕೆ ಇದ್ದರೂ ಇಲ್ಲದಿದ್ದರೂ ಖದೀಜಾ ಖದೀಜಾಳೇ. ಹೇಗೂ ಹಣೆಗೆ ಅಂಟಿಸಿದ ಹೆಸರನ್ನು ಕೆಲವರು ತಲೆಯೆತ್ತಿ ಹೇಳಿಕೊಳ್ಳುತ್ತಾರೆ, ಕೆಲವರು ಮುಚ್ಚಿಡಲು ಹೆಣಗುತ್ತಾರೆ. ಗೆಲ್ಸೆನ್‌ಕಿರ್ಶೆನ್‌ನಲ್ಲಿ ಹುಟ್ಟಿ, 2014ರಲ್ಲಿ ಜರ್ಮನಿಗೆ ಫುಟ್‌ಬಾಲ್ ವಿಶ್ವಕಪ್ ಗೆದ್ದುಕೊಟ್ಟ ತಂಡದಲ್ಲಿದ್ದ ಮೆಸುಟ್ ಓಝಿಲ್, ನಾಲ್ಕೇ ವರ್ಷಕ್ಕೆ ಗೆದ್ದರೆ ಜರ್ಮನ್ನನು, ಸೋತರೆ ವಲಸಿಗನು ಎಂಬ ಅರ್ಥದ ಮಾತು ಹೇಳಿ ತಂಡ ಬಿಟ್ಟ. ಅದಕ್ಕೆ ಮುಂಚೆ ಅವನು ಟರ್ಕಿಯ ಅಧ್ಯಕ್ಷನ ಜೊತೆ ಫೋಟೊ ತೆಗೆಸಿಕೊಂಡದ್ದು ಅವಿವೇಕವೇ ಇರಬಹುದು. ಆದರೆ ಅವಿವೇಕಕ್ಕೆ ಪೌರತ್ವದ ಪ್ರಶ್ನೆ ಎದ್ದದ್ದು ಅವನಂಥವರಿಗೆ ಮಾತ್ರ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. 2004ರ ನವೆಂಬರ್ 2ರಂದು ಚಿತ್ರ ನಿರ್ದೇಶಕ ಥಿಯೋ ವಾನ್ ಗೋಗ್‌ನನ್ನು ಆಮ್‌ಸ್ಟರ್‌ಡ್ಯಾಮಿನ ಬೀದಿಯಲ್ಲಿ ಕೊಂದ ಮೊಹಮ್ಮದ್ ಬೂಯೇರಿ ಅದೇ ಊರಿನಲ್ಲಿ ಹುಟ್ಟಿದವನು. ಹೆಣದ ಮೇಲೆ ಚಾಕುವಿನಿಂದ ಚುಚ್ಚಿಟ್ಟ ಬೆದರಿಕೆ ಪತ್ರವನ್ನು ಅವನು ಬರೆದದ್ದು ಡಚ್ ಭಾಷೆಯಲ್ಲಿ. 2005ರ ಜುಲೈ 7ರಂದು ಲಂಡನ್ನಿನ ರೈಲುಗಳಲ್ಲೂ ಬಸ್ಸಿನಲ್ಲೂ ಬಾಂಬು ಸಿಡಿಸಿದವರ ಮುಂದಾಳು ಮೊಹಮ್ಮದ್ ಸಿದೀಕ್ ಖಾನ್ ಲೀಡ್ಸ್‌ನಲ್ಲಿ ಹುಟ್ಟಿ, ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ನೆರವಾಗುವ ಕೆಲಸದಲ್ಲಿದ್ದವನು. ಅವನ ಕೊನೆಯ ವೀಡಿಯೋದ ಇಂಗ್ಲಿಷಿನಲ್ಲಿ ಯಾರ್ಕ್‌ಶೈರಿನ ಧಾಟಿಯಿದೆ. ಇದೂ ಬೆರೆತದ್ದರ ಫಲವೇ ಎಂದು ಕೇಳಿದರೆ ತಪ್ಪಿಸಿಕೊಳ್ಳುವಂತಿಲ್ಲ. ಒಂದು ಅರ್ಥದಲ್ಲಿ ಹೌದು. ನೆಲದಿಂದ ಕಳಚಿಕೊಂಡ ಧರ್ಮಕ್ಕೆ ಹಿರಿಯರ ಹಿಡಿತವೂ ಇರುವುದಿಲ್ಲ. ಹಳ್ಳಿಯ ಮುಲ್ಲಾ ಎಷ್ಟೇ ಸಂಕುಚಿತನಾಗಿರಲಿ, ಯಾರ ಮದುವೆಗೆ, ಯಾರ ಮಯ್ಯತ್ತಿಗೆ ಹೋಗಬೇಕೆಂದು ಅವನಿಗೆ ಗೊತ್ತು, ಅಲ್ಲಿಯ ನೂರು ಮನೆಗಳ ಋಣ ಅವನ ಮೇಲಿದೆ. ಕೋಣೆಯಲ್ಲಿ ಒಬ್ಬನೇ ಕೂತು ಇಂಟರ್ನೆಟ್‌ನಿಂದ ಧರ್ಮ ಕಲಿಯುವವನಿಗೆ ಯಾರ ಋಣವೂ ಇಲ್ಲ. ಇವರು ಧರ್ಮದಿಂದ ಹಿಂಸೆಗೆ ಬಂದವರಲ್ಲ, ಹಿಂಸೆಯ ಹಸಿವಿಗೆ ಧರ್ಮದ ಮಾತು ಹುಡುಕಿಕೊಂಡವರು ಎಂದು ರುವಾ ಹೇಳುತ್ತಾನೆ. ಹಾಗಲ್ಲ, ಕಟ್ಟುನಿಟ್ಟಿನ ಸಲಫಿ ಬೋಧನೆ ಬೇರೂರಿದ ಬಡಾವಣೆಗಳನ್ನು ನೋಡಿ ಎಂದು ಫ್ರಾನ್ಸಿನ ಇನ್ನೊಬ್ಬ ವಿದ್ವಾಂಸ ಜಿಲ್ ಕೆಪೆಲ್ ಅವನಿಗೆ ಎದುರಾಡುತ್ತಾನೆ. ಇಬ್ಬರಲ್ಲೂ ಸತ್ಯವಿದೆ, ಕೆಪೆಲ್‌ನ ಎಚ್ಚರಿಕೆಯನ್ನು ಮುಸ್ಲಿಮರ ಪರ ಬರೆಯುವವರು ಬೇಗ ಬದಿಗಿಡುತ್ತಾರೆ. ಆದರೂ ಇವರು ಬೆರಳೆಣಿಕೆಯ ಮಂದಿ. ಜರ್ಮನಿಯೊಂದರಲ್ಲೇ ಐವತ್ತು ಲಕ್ಷಕ್ಕೂ ಹೆಚ್ಚು ಮುಸ್ಲಿಮರಿದ್ದಾರೆ. ಈ ರೋಗಕ್ಕೆ ಧರ್ಮವನ್ನೇ ಕಡಿಮೆ ಮಾಡುವುದು ಮದ್ದಲ್ಲ, ಧರ್ಮದ ವಿದ್ಯೆಯನ್ನು ಅವರ ಭಾಷೆಯಲ್ಲಿ, ಅವರ ಊರಿನಲ್ಲಿ ಸಿಗುವಂತೆ ಮಾಡುವುದು. ಟರ್ಕಿ ಸರ್ಕಾರದ ಧಾರ್ಮಿಕ ಇಲಾಖೆ ಸಂಬಳ ಕೊಟ್ಟು ಕಳಿಸಿದ ಇಮಾಮರು, 1984ರಲ್ಲಿ ಕಲೋನಿನಲ್ಲಿ ಶುರುವಾದ ದಿತಿಬ್ ಸಂಘದ ಮಸೀದಿಗಳಲ್ಲಿ ನಾಲ್ಕೈದು ವರ್ಷ ಟರ್ಕಿ ಭಾಷೆಯಲ್ಲಿ ಪ್ರವಚನ ಮಾಡಿ ಹಿಂದಿರುಗುವ ಪದ್ಧತಿ ಜರ್ಮನಿಯಲ್ಲಿ ದಶಕಗಟ್ಟಲೆ ನಡೆಯಿತು. ಜರ್ಮನ್‌ನಲ್ಲಿ ಯೋಚಿಸುವ ಹುಡುಗನ ಸಂಶಯಕ್ಕೆ ಅಂಥವರು ಏನು ಹೇಳಬಲ್ಲರು? ಆಸ್ನಾಬ್ರುಕ್‌ನಲ್ಲಿ ಜರ್ಮನ್ ಭಾಷೆಯಲ್ಲೇ ಇಮಾಮರನ್ನು ತಯಾರು ಮಾಡುವ ಶಾಲೆ ಪಾಠ ಶುರು ಮಾಡಿದ್ದು 2021ರಲ್ಲಿ, ಕೂಲಿ ಒಪ್ಪಂದವಾಗಿ ಅರವತ್ತು ವರ್ಷದ ಮೇಲೆ.

ಕಳಚಿಕೊಂಡದ್ದರಲ್ಲಿ ಕಳೆದುಹೋದದ್ದೂ ಇದೆ. ಮೀರ್‌ಪುರದ ಹತ್ತಿರದ ಖಡಿ ಷರೀಫಿನ ಸೂಫಿ ಕವಿ ಮಿಯಾ ಮೊಹಮ್ಮದ್ ಬಕ್ಷರ ಸೈಫ್-ಉಲ್-ಮುಲೂಕ್ ಕಾವ್ಯವನ್ನು ಅಲ್ಲಿನ ಓದುಬರಹ ಬಾರದ ರೈತರೂ ಹಾಡುತ್ತಿದ್ದರು. ಬ್ರಾಡ್‌ಫರ್ಡಿನ ಮೊಮ್ಮಗನಿಗೆ ಆ ಭಾಷೆ ತಿಳಿಯದು. ದರ್ಗಾ, ಉರುಸು, ತಾಯಿತಗಳೆಲ್ಲ ಧರ್ಮಕ್ಕೆ ಸೇರದ ಅಜ್ಞಾನ ಎಂದು ಅವನು ಓದಿರುತ್ತಾನೆ. ಶಿಶುನಾಳ ಷರೀಫರ ಪದ ಕೇಳಿ ಬೆಳೆದ, ಹಳ್ಳಿಯ ಮೊಹರಮ್ಮಿನ ಡೋಲಿಗಳ ಹಿಂದೆ ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ನಡೆಯುವುದನ್ನು ಬಲ್ಲ ಕನ್ನಡಿಗರಿಗೆ ಈ ಒಣ ಇಸ್ಲಾಂ ಬಡವಾಗಿ ಕಾಣುವುದು ಸಹಜ. ನನಗೂ ಹಾಗೇ ಕಾಣುತ್ತದೆ. ಆದರೆ ಆ ನಷ್ಟವನ್ನು ಬೆರೆಯದಿರುವುದರ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಅಜ್ಜನ ಭಾಷೆ ಮರೆತು ನಮ್ಮ ಭಾಷೆ ಕಲಿಯಿರಿ, ನಿಮ್ಮೂರಿನ ರೂಢಿ ಇಲ್ಲಿ ತರಬೇಡಿ ಎಂದು ಆ ದೇಶಗಳೇ ಕೇಳಿದ್ದವು. ಹಾಗೆ ಮರೆತವರ ಕೈಯಲ್ಲಿ ಉಳಿಯುವುದು ಗ್ರಂಥ ಮಾತ್ರ.

ಧರ್ಮಶಾಸ್ತ್ರದ ಒಳಗಿನಿಂದಲೂ ಒಂದು ಪ್ರಶ್ನೆ ಇದೆ, ಅದನ್ನು ಹೊರಗಿನವರಿಗಿಂತ ಧರ್ಮನಿಷ್ಠರೇ ಹೆಚ್ಚು ಗಂಭೀರವಾಗಿ ಕೇಳಿದ್ದಾರೆ: ಮುಸ್ಲಿಮೇತರರ ಆಳ್ವಿಕೆಯಲ್ಲಿ ಮುಸ್ಲಿಮನು ಮನಸಾರೆ ನೆಲೆಸಬಹುದೇ? ಸ್ಪೇನ್ ಕ್ರೈಸ್ತ ರಾಜರ ಕೈಗೆ ಹೋದಾಗ ಮಾರ್ಬೆಯಾದ ಒಬ್ಬಾತ ಹಿಂದೆ ಉಳಿದ ತನ್ನ ಜನರ ಪರವಾಗಿ ಅಧಿಕಾರಿಗಳೊಂದಿಗೆ ಮಾತಾಡಲು ಅಲ್ಲೇ ಇರಲೇ ಎಂದು ಕೇಳಿಸಿದ್ದ. ಮೊರಾಕ್ಕೊದ ಫೆಜ್ ನಗರದ ಮಾಲಿಕಿ ಪಂಡಿತ ಅಲ್-ವನ್ಷರೀಸಿ, 1508ರಲ್ಲಿ ತೀರಿಕೊಂಡವನು, ಅದಕ್ಕೂ ಅವಕಾಶವಿಲ್ಲ, ಹೊರಟು ಬಾ ಎಂದು ತೀರ್ಪಿತ್ತ. 1504ರಲ್ಲಿ ಇನ್ನೊಬ್ಬ ಪಂಡಿತ ಇಬ್ನ್ ಅಬೀ ಜುಮಾ ಅಲ್ಲೇ ಉಳಿದವರಿಗೆ, ನಂಬಿಕೆಯನ್ನು ಮನಸ್ಸಿನಲ್ಲಿ ಬಚ್ಚಿಟ್ಟು ಬದುಕುವ ದಾರಿ ಹೇಳಿಕೊಟ್ಟ. ಹೊರಡು, ಇಲ್ಲವೇ ಬಚ್ಚಿಡು. ಇಂದಿನ ಬರ್ಲಿನ್ನಿನ ಹುಡುಗಿ ಇವೆರಡನ್ನೂ ಒಪ್ಪುವುದಿಲ್ಲ. ಪರಂಪರೆಯಲ್ಲಿ ಅವಳಿಗೆ ಇದಕ್ಕಿಂತ ಹಳೆಯ ಆಧಾರವೂ ಇದೆ. ಸುಮಾರು 615ರಲ್ಲಿ ಮೆಕ್ಕಾದ ಹಿಂಸೆ ತಾಳದೆ ಪ್ರವಾದಿಗಳ ಅನುಯಾಯಿಗಳು ಅಬಿಸೀನಿಯಾದ ಕ್ರೈಸ್ತ ರಾಜ ನಜಾಷಿಯ ಆಶ್ರಯಕ್ಕೆ ಹೋದರು. 622ರಲ್ಲಿ ಮದೀನಾದಲ್ಲಿ ಮುಸ್ಲಿಮರದೇ ನೆಲೆ ಏರ್ಪಟ್ಟಿತು. ಆಮೇಲೂ ಅವರಲ್ಲಿ ಕೆಲವರು ಆರೇಳು ವರ್ಷ ಅಲ್ಲೇ ಉಳಿದು, 628ರ ಹೊತ್ತಿಗೆ ಮರಳಿದರೆಂದು ಸಂಪ್ರದಾಯ ಹೇಳುತ್ತದೆ, ಅದಕ್ಕಾಗಿ ಪ್ರವಾದಿಗಳು ಅವರನ್ನು ಹಳಿಯಲಿಲ್ಲ. ಆಶ್ರಯ ಬೇಕಾದದ್ದು ಪ್ರಾಣಭಯಕ್ಕಷ್ಟೇ ಆಗಿದ್ದರೆ ಅವರು ತಡಮಾಡದೆ ಹೊರಡಬೇಕಿತ್ತು. ನ್ಯಾಯ ಸಿಗುವ ಕಡೆ ಮುಸ್ಲಿಮನು ನೆಮ್ಮದಿಯಿಂದ ಇರಬಹುದೆಂಬ ಓದಿಗೆ ಇಲ್ಲಿ ಬಲವಿದೆ. 1997ರಲ್ಲಿ ಹುಟ್ಟಿದ ಯುರೋಪಿನ ಫತ್ವಾ ಮಂಡಳಿ, ಎರಡು ವರ್ಷದ ನಂತರ, ಬೇರೆ ದಾರಿಯಿಲ್ಲದವರು ವಾಸದ ಮನೆಗಾಗಿ ಬ್ಯಾಂಕಿನ ಬಡ್ಡಿ ಸಾಲ ಪಡೆಯಬಹುದೆಂದು ಹೇಳಿತು. ಅನಿವಾರ್ಯತೆಯ ಹೆಸರಿನಲ್ಲಿ ಕೊಟ್ಟ ಅನುಮತಿ ಅದು. ನನಗೆ ಅದರಲ್ಲಿ ಅರೆಮನಸ್ಸು ಕಾಣುತ್ತದೆ: ಅಲ್ಪಸಂಖ್ಯಾತರ ಶಾಸ್ತ್ರ ಎಂದು ಅದನ್ನು ಕರೆಯುವವರು ಯುರೋಪಿನ ಮುಸ್ಲಿಮನನ್ನು ಇನ್ನೂ ಅನನುಕೂಲದಲ್ಲಿ ಸಿಕ್ಕಿಬಿದ್ದ ಪ್ರಯಾಣಿಕನಂತೆ ನೋಡುತ್ತಾರೆ, ವಿನಾಯಿತಿ ಕೊಡುತ್ತಾರೆ. ಮೂರನೇ ತಲೆಮಾರು ವಿನಾಯಿತಿ ಕೇಳುತ್ತಿಲ್ಲ. ನಾನು ಹುಟ್ಟಿದ್ದೇ ಇಲ್ಲಿ, ಇದೇ ನನ್ನ ಸಾಮಾನ್ಯ ಸ್ಥಿತಿ, ಇಲ್ಲಿಗೆ ತಕ್ಕ ಶಾಸ್ತ್ರ ಹೇಳಿ ಎನ್ನುತ್ತಿದೆ. ಈ ಬೇಡಿಕೆಗೆ ಉಲೇಮಾಗಳಿಂದ ಇನ್ನೂ ಸರಿಯಾದ ಉತ್ತರ ಬಂದಿಲ್ಲ.

ಎಲ್ಲಿಗೆ ಸೇರಿದವರು ಎಂಬುದನ್ನು ತಿಳಿಯಲು ಸಮೀಕ್ಷೆಗಳಿಗಿಂತ ಸ್ಮಶಾನ ಹೆಚ್ಚು ನಂಬಿಕೆಗೆ ಅರ್ಹ ಎಂದು ನನಗನ್ನಿಸುತ್ತದೆ. ಮೊದಲ ತಲೆಮಾರಿನವರು ಸತ್ತರೆ ದೇಹವನ್ನು ವಿಮಾನದಲ್ಲಿ ಟರ್ಕಿಗೆ ಕಳಿಸುವುದೇ ವಾಡಿಕೆ. ಅದಕ್ಕೆಂದೇ ಮಸೀದಿ ಸಂಘಗಳು ವರ್ಷವರ್ಷ ವಂತಿಗೆ ಎತ್ತಿ ಶವಸಂಸ್ಕಾರ ನಿಧಿ ನಡೆಸುತ್ತವೆ. 1993ರ ಮೇ 29ರಂದು ಜೋಲಿಂಗೆನ್‌ನಲ್ಲಿ ನವನಾಜಿ ಪುಂಡರು ಒಂದು ಟರ್ಕಿ ಕುಟುಂಬದ ಮನೆಗೆ ಬೆಂಕಿ ಇಟ್ಟಾಗ ಸತ್ತ ಐವರು ಹೆಣ್ಣುಮಕ್ಕಳನ್ನೂ ಟರ್ಕಿಯ ಹಳ್ಳಿಯಲ್ಲೇ ಮಣ್ಣು ಮಾಡಲಾಯಿತು. 2020ರ ಫೆಬ್ರವರಿ 19ರಂದು ಹಾನಾವ್ ಊರಿನಲ್ಲಿ ಇನ್ನೊಬ್ಬ ಜನಾಂಗದ್ವೇಷಿ ವಲಸಿಗ ಮೂಲದ ಒಂಬತ್ತು ಮಂದಿಯನ್ನು ಗುಂಡಿಕ್ಕಿ ಕೊಂದ. ಅವರಲ್ಲಿ ಮೂವರ ಗೋರಿ ಹಾನಾವ್‌ನ ಮುಖ್ಯ ಸ್ಮಶಾನದಲ್ಲೇ ಇದೆ. ಅದೇ ದ್ವೇಷ, ಅದೇ ದುಃಖ. ಆದರೆ ನಮ್ಮ ಮಗನ ಊರು ಇದೇ ಎಂದು ಎರಡನೆಯ ಬಾರಿ ಆ ಮೂವರ ಮನೆಯವರು ತೀರ್ಮಾನಿಸಿದ್ದರು. ಹೀಗೆ ಇಲ್ಲೇ ಹೂಳಬೇಕೆಂದವರಿಗೆ ಹಿಂದೆಲ್ಲ ಕಾನೂನು ಅಡ್ಡ ಬರುತ್ತಿತ್ತು. ಕಫನ್ ಸುತ್ತಿ ನೇರ ಮಣ್ಣಿಗೆ ಇಡುವುದು ಇಸ್ಲಾಮಿನ ಪದ್ಧತಿ, ಶವಪೆಟ್ಟಿಗೆ ಕಡ್ಡಾಯವೆಂಬುದು ಜರ್ಮನಿಯ ರಾಜ್ಯಗಳ ನಿಯಮವಾಗಿತ್ತು. ಮಾತುಕತೆ ನಡೆದು ಬರ್ಲಿನ್ 2010ರಲ್ಲಿ, ಬಾಡೆನ್-ವುರ್ಟೆಂಬರ್ಗ್ 2014ರಲ್ಲಿ, ಬವೇರಿಯಾ 2021ರಲ್ಲಿ ಅದನ್ನು ಸಡಿಲಿಸಿದವು. ಗೋರಿಯ ಅವಧಿ ಇನ್ನೊಂದು ತೊಡಕು. ಜರ್ಮನಿಯಲ್ಲಿ ಸಾಮಾನ್ಯವಾಗಿ ಸಮಾಧಿಯ ಜಾಗ ಇಪ್ಪತ್ತು ಮೂವತ್ತು ವರ್ಷದ ಗುತ್ತಿಗೆ. ಮುಗಿದ ಮೇಲೆ ನವೀಕರಿಸದಿದ್ದರೆ ಅದೇ ಜಾಗ ಇನ್ನೊಬ್ಬರಿಗೆ. ಹೂಳಿದವರನ್ನು ಮತ್ತೆ ಕದಲಿಸಬಾರದೆಂಬುದು ಮುಸ್ಲಿಮರ ನಂಬಿಕೆ. ನೋಡಿ, ಸತ್ತ ಮೇಲೂ ಇವರಿಗೆ ಪ್ರತ್ಯೇಕ ನಿಯಮ ಬೇಕು ಎಂದು ಟೀಕಿಸುವವರಿದ್ದಾರೆ. ಆದರೆ ಜರ್ಮನಿಯ ಯಹೂದಿ ಸ್ಮಶಾನಗಳ ಗೋರಿಗಳು ಶಾಶ್ವತ, ಆ ಪೂರ್ವನಿದರ್ಶನ ಅಲ್ಲಿನ ಕಾನೂನಿನ ಒಳಗೇ ಇದೆ, ಹೊರಗಿನಿಂದ ತಂದದ್ದಲ್ಲ. ಬರ್ಲಿನ್ನಿನಲ್ಲಿ 1866ರಿಂದ ಇರುವ ಟರ್ಕಿ ಖಬರಸ್ತಾನ ತುಂಬಿ ಬಹಳ ಕಾಲವಾಯಿತು, ಈಗ ಊರ ಪಶ್ಚಿಮದಂಚಿನ ಗಾಟೊ ಸ್ಮಶಾನದಲ್ಲಿ ಮುಸ್ಲಿಮರಿಗೆ ಜಾಗ ಕೊಡಲಾಗುತ್ತಿದೆ. ಮುಂದಿನ ಜಾಗ ಎಲ್ಲಿ, ಗುತ್ತಿಗೆ ಎಷ್ಟು ವರ್ಷಕ್ಕೆ, ಶುಲ್ಕ ಯಾರು ಕಟ್ಟಬೇಕು ಎಂಬ ಚೌಕಾಸಿ ನಡೆಯಬೇಕಾದದ್ದು ನಗರಾಡಳಿತದ ಕಚೇರಿಗಳಲ್ಲಿ, ಜರ್ಮನ್ ಭಾಷೆಯಲ್ಲಿ, ಅಲ್ಲಿಯ ತೆರಿಗೆದಾರರ ನಡುವೆ.